ಹೊಸ ವಿನ್ಯಾಸ: ಒಪ್ಪುವವರಾರು, ಬಿಡುವವರಾರು?

ನಿಮ್ಮ ಮೊಬೈಲು ರಾತ್ರಿಯ ಹೊತ್ತು ತಾನೇ ಹೊಸ ಆವೃತ್ತಿಯನ್ನು ಇಳಿಸಿಕೊಂಡು, ಬೆಳಗಾಗುವ ವೇಳೆಗೆ ಹೊಸ ಮುಖದೊಡನೆ ನಿಂತಿರುವುದನ್ನು ನೀವು ಕಂಡಿರಬಹುದು. ನಿನ್ನೆ ಚೌಕವಾಗಿದ್ದ ಗುಂಡಿ ಇಂದು ದುಂಡಗಾಗಿರುತ್ತದೆ. ಮೇಲಿದ್ದ ಹುಡುಕುವ ಪೆಟ್ಟಿಗೆ ಕೆಳಕ್ಕೆ ಇಳಿದಿರುತ್ತದೆ. ಇಷ್ಟನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಇನ್ನೂ ಸ್ವಲ್ಪ ದೃಷ್ಟಿಯಿಟ್ಟು ನೋಡಿದರೆ ಮತ್ತೊಂದು ವಿಚಿತ್ರವೂ ಕಾಣಬರುತ್ತದೆ. ಗಡಿಯಾರ, ದಿನದರ್ಶಿ, ದೂರವಾಣಿ ಸಂಖ್ಯೆಗಳ ಪಟ್ಟಿ, ಇವು ಹೊಸ ಉಡುಪನ್ನು ತೊಟ್ಟಿವೆ. ನೀವು ಹಣ ಕಳುಹಿಸುವ ಆ್ಯಪ್ ಹಳೆಯ ಉಡುಪಿನಲ್ಲಿಯೇ ಇದೆ. ಟಿಕೆಟ್ಟು ಕೊಳ್ಳುವ ಆ್ಯಪ್ ಅರ್ಧ ಹೊಸದು, ಅರ್ಧ ಹಳೆಯದು. ಒಂದೇ ಯಂತ್ರದೊಳಗೆ ಮೂರು ಕಾಲದ ವೇಷ. ಇದು ಹೀಗೇಕೆ ಆಗುತ್ತದೆ, ಇದರಿಂದ ನಮಗೇನು ಎಂಬುದನ್ನು ಕೊಂಚ ವಿಚಾರಮಾಡೋಣ.

ಯಂತ್ರದಲ್ಲಿ ನಮ್ಮ ಕಣ್ಣಿಗೆ ಕಾಣುವ, ಬೆರಳಿಗೆ ಸಿಕ್ಕುವ ಭಾಗವನ್ನೆಲ್ಲ ಇಂಟರ್‌ಫೇಸ್ ಎಂದು ಕರೆಯುತ್ತಾರೆ. ಅದರಲ್ಲಿ ಗುಂಡಿ ಎಷ್ಟು ದೊಡ್ಡದಿರಬೇಕು, ಅಕ್ಷರ ಯಾವ ಗಾತ್ರದ್ದಿರಬೇಕು, ತಪ್ಪಾದಾಗ ಬಳಸುವವನನ್ನು ಹೇಗೆ ಎಚ್ಚರಿಸಬೇಕು ಎಂಬುದನ್ನೆಲ್ಲ ಗೊತ್ತುಮಾಡಿದ ಕಟ್ಟಳೆಗಳ ಸಮೂಹಕ್ಕೆ ಡಿಸೈನ್ ಸಿಸ್ಟಮ್ ಎಂದು ಹೆಸರು. ನಾವು ವಿನ್ಯಾಸ ಪದ್ಧತಿ ಎನ್ನೋಣ. ಇಂಥ ಪದ್ಧತಿಗಳಲ್ಲಿ ಹೆಸರಾದವನ್ನು ಹೊರಡಿಸಿದವರು ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೊದಲಾದ ದೊಡ್ಡ ಸಂಸ್ಥೆಗಳು. ಆದರೆ ನಾವು ದಿನವೂ ಬಳಸುವ ಆ್ಯಪ್‌ಗಳನ್ನು ಬರೆಯುವವರಲ್ಲಿ ಹೆಚ್ಚಿನವರು ಆ ಸಂಸ್ಥೆಗಳ ಹೊರಗಿರುವ ಡೆವಲಪರುಗಳು. ಅವರಿಗೆ ಅವರವರ ಯಜಮಾನರು, ಅವರವರ ಗಡುವು, ಅವರವರ ಖರ್ಚು. ಸಂಸ್ಥೆ ಕಟ್ಟಳೆಯನ್ನು ಸಾರಿದ ಮಾತ್ರಕ್ಕೆ ಅವರು ಅದರಂತೆ ನಡೆದಾರೆಂಬ ನಂಬಿಕೆಯಿಲ್ಲ.

ವ್ಯಾಕರಣ ಪಾಠ ಹೇಳುವವರಿಗೆ ಈ ಸಂಗತಿ ಹೊಸದೇನೂ ಅಲ್ಲ. ಶಾಸ್ತ್ರ ಹೇಳುವುದು ಲಕ್ಷಣ. ಜನ ಆಡಿದ್ದು, ಕವಿ ಬರೆದದ್ದು ಲಕ್ಷ್ಯ. ಎರಡೂ ಒಂದಕ್ಕೊಂದು ಹೊಂದಿಕೊಂಡಾಗಲೇ ಶಾಸ್ತ್ರ ಬಾಳುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದಾಗ ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ. ಸೂತ್ರಕ್ಕೆ ವೃತ್ತಿಯನ್ನು ಬರೆದು, ಅದರ ಕೆಳಗೆ ಪೂರ್ವಕವಿಗಳ ಪ್ರಯೋಗಗಳನ್ನು ತಂದಿಟ್ಟನು. ಓದುವವನಿಗೆ ನಿಯಮದೊಡನೆ ಅದನ್ನು ಬಳಸುವ ಮಾದರಿಯೂ ಕೈಗೆ ಸಿಕ್ಕಿತು. ತಂತ್ರಾಂಶದ ವಿನ್ಯಾಸ ಪದ್ಧತಿಗಳಲ್ಲಿ ಯಾವುದು ನಿಂತಿತು, ಯಾವುದು ಬಿದ್ದಿತು ಎಂಬುದನ್ನು ಅಳೆಯಲು ಈ ಅಳತೆಗೋಲೇ ಸಾಕಾಗುತ್ತದೆ ಎಂದು ನನಗೆ ತೋರಿದೆ.

ಮೊದಲಿಗೆ, ನಿಂತ ಪದ್ಧತಿಯೊಂದನ್ನು ನೋಡೋಣ. 1984ರ ಜನವರಿಯಲ್ಲಿ ಆಪಲ್ ಸಂಸ್ಥೆ ಮ್ಯಾಕಿಂಟಾಷ್ ಗಣಕವನ್ನು ಮಾರಾಟಕ್ಕೆ ತಂದಿತು. ಅದರ ಒಳಗೆ ಅಳಿಸಲಾಗದ ಸ್ಮೃತಿಯ 64 ಕಿಲೋಬೈಟುಗಳಷ್ಟು ಜಾಗವಿದ್ದಿತು. ಇಂದಿನ ಒಂದು ಸಣ್ಣ ಚಿತ್ರಕ್ಕೂ ಸಾಲದ ಜಾಗ. ಅದರಲ್ಲಿ ಆ ಸಂಸ್ಥೆಯವರು ಪಟ್ಟಿಗಳು, ಕಿಟಕಿಗಳು, ಗುಂಡಿಗಳು, ಪ್ರಶ್ನೆ ಕೇಳುವ ಪೆಟ್ಟಿಗೆಗಳು ಇವನ್ನೆಲ್ಲ ಸಿದ್ಧಮಾಡಿ ಇಟ್ಟಿದ್ದರು. ಹೊಸ ತಂತ್ರಾಂಶ ಬರೆಯುವವನು ಪಟ್ಟಿಯನ್ನು ತಾನೇ ಚಿತ್ರಿಸಬೇಕಾಗಿರಲಿಲ್ಲ. ‘ಪಟ್ಟಿ ಬೇಕು’ ಎಂದು ಯಂತ್ರಕ್ಕೆ ಹೇಳಿದರೆ ಸಾಕು, ಎಲ್ಲರದರಂತೆಯೇ ಇರುವ ಪಟ್ಟಿ ತೆರೆಯ ಮೇಲೆ ಮೂಡುತ್ತಿತ್ತು. ಬೇರೆ ಬಗೆಯದು ಬೇಕೆಂದವನು ತಾನೇ ಕುಳಿತು ಬರೆಯಬೇಕು. ಅಷ್ಟು ಚಿಕ್ಕ ಯಂತ್ರದಲ್ಲಿ ಅದಕ್ಕೆ ಜಾಗವೂ ಕಡಿಮೆ. ಹೀಗಾಗಿ ಕಟ್ಟಳೆಯನ್ನು ಪಾಲಿಸುವುದೇ ಸೋಮಾರಿಯಾದವನಿಗೂ ಸುಲಭದ ಹಾದಿಯಾಯಿತು. ಈ ವಿನ್ಯಾಸದ ಕಟ್ಟಳೆಗಳು 1987ರಲ್ಲಿ ಪ್ರತ್ಯೇಕ ಪುಸ್ತಕವಾಗಿಯೂ ಪ್ರಕಟವಾದುವು. ಆ ವೇಳೆಗೆ ಪ್ರಯೋಗ ಬೇರೂರಿ ಮೂರು ವರ್ಷಗಳೇ ಸಂದಿದ್ದುವು. ಎಕ್ಸ್ ಒತ್ತಿ ಕತ್ತರಿಸು, ಸಿ ಒತ್ತಿ ನಕಲಿಸು, ವಿ ಒತ್ತಿ ಅಂಟಿಸು ಎಂಬ ಮೂರು ಕೀಲಿಗಳ ಪಾಠವನ್ನು ಇಂದಿಗೂ ನಮ್ಮ ಶಾಲೆಯ ಮಕ್ಕಳು ಕಲಿಯುತ್ತಾರೆ. ಆ ಗಣಕವನ್ನು ಅವರು ಕಣ್ಣಿಂದ ಕಂಡವರಲ್ಲ.

ಅದೇ 1987ರಲ್ಲಿ ಐಬಿಎಂ ಸಂಸ್ಥೆಯೂ ತನ್ನದೊಂದು ಕಟ್ಟಳೆಯನ್ನು ಹೊರಡಿಸಿತು. ಸಹಾಯ ಬೇಕಾದರೆ ಎಫ್1 ಕೀಲಿಯನ್ನು ಒತ್ತುವ ರೂಢಿ ಹರಡಿದ್ದು ಅದರಿಂದಲೇ. ಪದ್ಧತಿಯ ಹೆಸರು ಇಂದು ಯಾರ ನೆನಪಿನಲ್ಲಿಯೂ ಇಲ್ಲ, ಕೀಲಿ ಮಾತ್ರ ಉಳಿದಿದೆ.

ಇವೆರಡೂ ಯಂತ್ರ ಮಾಡುವವರ ಕಟ್ಟಳೆಗಳಾದುವು. ಯಾವ ಅಧಿಕಾರವೂ ಇಲ್ಲದೆ ಹರಡಿದ ಪದ್ಧತಿಯೂ ಒಂದುಂಟು. 2011ರ ಆಗಸ್ಟಿನಲ್ಲಿ ಟ್ವಿಟರ್ ಸಂಸ್ಥೆಯಲ್ಲಿದ್ದ ಇಬ್ಬರು, ಮಾರ್ಕ್ ಆಟೋ ಮತ್ತು ಜೇಕಬ್ ಥಾರ್ನ್‌ಟನ್, ತಮ್ಮ ಒಳಬಳಕೆಗೆಂದು ಮಾಡಿಕೊಂಡಿದ್ದ ಗುಂಡಿ, ಪಟ್ಟಿ, ನಮೂನೆಗಳ ಕಟ್ಟೊಂದನ್ನು ಬೂಟ್‌ಸ್ಟ್ರಾಪ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಜಾಲತಾಣ ಬರೆಯುವವನು ಆ ಕಡತವನ್ನು ತನ್ನ ಪುಟಕ್ಕೆ ಜೋಡಿಸಿಕೊಂಡರೆ ಸಾಕು, ಚಿತ್ರಕಲೆಯ ಗಂಧವೇ ಇಲ್ಲದವನ ಪುಟವೂ ಓರಣವಾಗಿ ಕಾಣುತ್ತಿತ್ತು. ಯಾರೂ ಆಜ್ಞೆ ಮಾಡಲಿಲ್ಲ. ಕೆಲವೇ ವರ್ಷಗಳಲ್ಲಿ ಜಾಲತಾಣಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವಲ್ಲ ಎಂದು ಜನ ಬೇಸರಪಡುವಷ್ಟು ಅದು ಹರಡಿತು. ಬೇಸರಪಟ್ಟವರ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬಳಸುವವನ ಪಾಲಿಗೆ ಒಂದು ತಾಣದಲ್ಲಿ ಕಲಿತದ್ದು ಇನ್ನೊಂದರಲ್ಲಿಯೂ ನಡೆಯುವುದು ಲಾಭವೇ ಸರಿ.

ಈಗ ಸೂತ್ರ ಮೊದಲು ಬಂದು ಪ್ರಯೋಗ ತಡವಾದ ಕಥೆಗೆ ಬರೋಣ. 2014ರ ಜೂನ್ 25ರಂದು ಗೂಗಲ್ ಸಂಸ್ಥೆ ಮೆಟೀರಿಯಲ್ ಡಿಸೈನ್ ಎಂಬ ಪದ್ಧತಿಯನ್ನು ಸಾರಿತು. ಕಾಗದ, ಶಾಯಿ, ಅವುಗಳ ಮೇಲೆ ಬೀಳುವ ಬೆಳಕು ಮತ್ತು ನೆರಳು, ಇವೇ ಅದರ ಮೂಲಭಾವ. ಒಂದು ಹಾಳೆ ಇನ್ನೊಂದರ ಮೇಲಿದ್ದರೆ ಎಷ್ಟು ನೆರಳು ಬೀಳಬೇಕು ಎಂಬುದರವರೆಗೂ ಅದರ ಗ್ರಂಥ ವಿಸ್ತಾರವಾಗಿ ಹೇಳುತ್ತಿತ್ತು. ತೆರೆಯ ಬಲಗಡೆ ಕೆಳಮೂಲೆಯಲ್ಲಿ ತೇಲಿದಂತೆ ಕಾಣುವ ದುಂಡು ಗುಂಡಿಯನ್ನು ನೀವು ಎಷ್ಟೋ ಆ್ಯಪ್‌ಗಳಲ್ಲಿ ನೋಡಿದ್ದೀರಿ. ಅದು ಆ ಪದ್ಧತಿಯ ಲಾಂಛನವೆಂಬಷ್ಟು ಪ್ರಸಿದ್ಧವಾಯಿತು. ಅದೇ ನವೆಂಬರಿನಲ್ಲಿ ಬಂದ ಆಂಡ್ರಾಯ್ಡ್ 5.0 ಈ ಉಡುಪನ್ನು ತೊಟ್ಟಿತ್ತು.

ಡೆವಲಪರುಗಳಿಗೆ ಗ್ರಂಥ ಮೆಚ್ಚುಗೆಯಾಯಿತು. ಆದರೆ ಆ ದುಂಡು ಗುಂಡಿಯನ್ನು ಹಾಕೋಣವೆಂದು ಕುಳಿತರೆ, ಹಾಗೆಯೇ ಎತ್ತಿ ಜೋಡಿಸಿಕೊಳ್ಳಲು ಗೂಗಲ್ ಕೊಟ್ಟ ಗುಂಡಿಯೇ ಇರಲಿಲ್ಲ! ಚಿತ್ರವುಂಟು, ಅಳತೆಯುಂಟು, ನೆರಳಿನ ಲೆಕ್ಕವುಂಟು, ವಸ್ತುವಿಲ್ಲ. ಇಷ್ಟಲ್ಲದೆ ಹೊಸ ಆಂಡ್ರಾಯ್ಡ್ ಅಂದು ಕೊಂಚ ಜನರ ಕೈಯಲ್ಲಿತ್ತು. ಉಳಿದವರೆಲ್ಲ ಹಳೆಯ ಯಂತ್ರಗಳವರು. ಆದ್ದರಿಂದ ಹಲವರು ತಾವೇ ಆ ಗುಂಡಿಯನ್ನು ಬರೆದು ಹಂಚತೊಡಗಿದರು. ಒಬ್ಬರದರ ನೆರಳು ಗಾಢ, ಇನ್ನೊಬ್ಬರದು ತೆಳು. ಒಬ್ಬರ ಗುಂಡಿ ಪುಟ ಸರಿದಾಗ ಅಡಗುವುದು, ಮತ್ತೊಬ್ಬರದು ಅಲ್ಲಿಯೇ ಕುಳಿತು ಕೊನೆಯ ಸಾಲನ್ನು ಮುಚ್ಚುವುದು. ಗೂಗಲ್ ತಾನೇ ಸಿದ್ಧಭಾಗಗಳ ಭಂಡಾರವನ್ನು ಕೊಟ್ಟದ್ದು 2015ರ ಮೇ ತಿಂಗಳಿನಲ್ಲಿ, ಹೆಚ್ಚುಕಡಮೆ ಹನ್ನೊಂದು ತಿಂಗಳ ತರುವಾಯ. ಆ ಭಂಡಾರ ಹಳೆಯ ಆಂಡ್ರಾಯ್ಡ್ 2.1ರ ಯಂತ್ರಗಳವರೆಗೂ ಕೆಲಸ ಮಾಡುವಂತೆ ರಚಿತವಾಗಿತ್ತು. ಹೊಸ ಯಂತ್ರ ಕೊಂಡವರಿಗೆ ಮಾತ್ರ ಹೊಸ ವಿನ್ಯಾಸ ಎಂಬ ಕಟ್ಟು ಅಲ್ಲಿಗೆ ಸಡಿಲವಾಯಿತು. ಮೆಟೀರಿಯಲ್ ಪದ್ಧತಿ ನಿಜವಾಗಿ ಬೇರುಬಿಟ್ಟದ್ದು 2014ರ ಗ್ರಂಥದಿಂದಲೋ 2015ರ ಭಂಡಾರದಿಂದಲೋ ಎಂದು ಯಾರಾದರೂ ಕೇಳಿದರೆ, ನಾನು ಎರಡನೆಯದರ ಪಕ್ಷವನ್ನೇ ಹಿಡಿಯುತ್ತೇನೆ.

ಇದೇ ಪದ್ಧತಿಯ ಇನ್ನೊಂದು ಪ್ರಸಂಗ ಸ್ವಾರಸ್ಯವಾದದ್ದು. ಗೂಗಲ್ ತನ್ನ ಆ್ಯಪ್‌ಗಳನ್ನು ಆಪಲ್ ಸಂಸ್ಥೆಯ ಐಫೋನಿಗೂ ಬರೆಯುತ್ತದೆ. ಅಲ್ಲಿಯೂ ತನ್ನ ಮೆಟೀರಿಯಲ್ ಉಡುಪನ್ನೇ ತೊಡಿಸಬೇಕೆಂದು ಐಫೋನಿಗಾಗಿ ಪ್ರತ್ಯೇಕ ಭಾಗಗಳನ್ನು ವರ್ಷಗಟ್ಟಲೆ ಕಟ್ಟಿ ಕಾಪಾಡಿತು. ಆಪಲ್ ತನ್ನ ಮೂಲಭಾಗಗಳನ್ನು ಉತ್ತಮಪಡಿಸಿದಂತೆಲ್ಲ ಗೂಗಲಿನವರು ಹಿಂದೆ ಓಡಬೇಕಾಯಿತು. 2021ರಲ್ಲಿ ಆ ಕೆಲಸವನ್ನು ಕೈಬಿಟ್ಟು, ಐಫೋನಿನಲ್ಲಿ ಆಪಲ್ ಕೊಟ್ಟ ಭಾಗಗಳನ್ನೇ ಹೆಚ್ಚಾಗಿ ಬಳಸುವುದೆಂದು ಗೂಗಲಿನವರು ತೀರ್ಮಾನಿಸಿದರು. ಪದ್ಧತಿಯನ್ನು ರಚಿಸಿದವರೇ ಪರರ ಮನೆಯಲ್ಲಿ ಅದನ್ನು ಪಾಲಿಸುವುದು ದುಬಾರಿಯೆಂದು ಕಂಡುಕೊಂಡರು ಎಂದಮೇಲೆ, ಹತ್ತು ಜನರ ಒಂದು ಸಣ್ಣ ಕಚೇರಿಯವರು ಹಿಂಜರಿದರೆ ಆಶ್ಚರ್ಯವೇನು?

ಇನ್ನು ಮೈಕ್ರೋಸಾಫ್ಟ್ ಸಂಸ್ಥೆಯ ಅನುಭವ. 2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಿಡುಗಡೆಯಾಯಿತು. ಬಣ್ಣಬಣ್ಣದ ಚೌಕದ ಹಂಚುಗಳು, ತೆರೆಯನ್ನೆಲ್ಲ ತುಂಬುವ ಆ್ಯಪ್‌ಗಳು, ಬೆರಳಿನಿಂದ ಸರಿಸುವ ಕ್ರಮ, ಇವು ಅದರ ಲಕ್ಷಣಗಳು. ಮೆಟ್ರೋ ಎಂಬುದು ಆ ವಿನ್ಯಾಸದ ಮೊದಲ ಹೆಸರು. ನೋಡಲು ಅಂದವಾಗಿಯೇ ಇತ್ತು. ಆದರೆ ಜನರ ಮೇಜಿನ ಮೇಲಿದ್ದ ಗಣಕಗಳಿಗೆ ಬೆರಳು ಮುಟ್ಟುವ ತೆರೆ ಇರಲಿಲ್ಲ, ಇಲಿ ಇತ್ತು. ಎಡಮೂಲೆಯಲ್ಲಿದ್ದ ‘ಸ್ಟಾರ್ಟ್’ ಗುಂಡಿಯನ್ನೇ ತೆಗೆದುಹಾಕಿದ್ದರು. ಎಷ್ಟೋ ಕಚೇರಿಗಳಲ್ಲಿ ಗುಮಾಸ್ತರ ಕೈ ವರ್ಷಗಟ್ಟಲೆಯ ಅಭ್ಯಾಸದಿಂದ ತಾನಾಗಿ ಆ ಮೂಲೆಗೆ ಹೋಗುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

ಡೆವಲಪರುಗಳ ಲೆಕ್ಕಾಚಾರವಂತೂ ಇನ್ನೂ ಸರಳ. ಹೊಸ ಪದ್ಧತಿಯಲ್ಲಿ ಬರೆದ ಆ್ಯಪ್ ವಿಂಡೋಸ್ 7ರಲ್ಲಿ ನಡೆಯುತ್ತಿರಲಿಲ್ಲ. ಗಿರಾಕಿಗಳಲ್ಲಿ ಬಹುಮಂದಿ ಅಲ್ಲಿಯೇ ಇದ್ದರು. ಹಳೆಯ ಪದ್ಧತಿಯಲ್ಲಿ ಬರೆದದ್ದು ಎರಡರಲ್ಲಿಯೂ ನಡೆಯುತ್ತಿತ್ತು. ಹೀಗಿರುವಾಗ ದುಡ್ಡು ಖರ್ಚುಮಾಡಿ ಕಡಮೆ ಜನರನ್ನು ತಲುಪುವ ದಾರಿಯನ್ನು ಯಾರು ಹಿಡಿದಾರು? 2013ರ ಅಕ್ಟೋಬರಿನಲ್ಲಿ ವಿಂಡೋಸ್ 8.1ರೊಡನೆ ಗುಂಡಿ ಹಿಂದಿರುಗಿತು. 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ ಅದರ ಪಟ್ಟಿಯೂ ಹಿಂದಿರುಗಿತು, ಹೊಸ ಆ್ಯಪ್‌ಗಳೂ ಹಳೆಯವುಗಳಂತೆ ಕಿಟಕಿಯೊಳಗೆ ಬಂದು ಕುಳಿತುವು. ಸ್ವತಃ ಮೈಕ್ರೋಸಾಫ್ಟ್ ಕೂಡ ತನ್ನ ಮನೆಯನ್ನು ಪೂರ್ತಿ ಬದಲಿಸಲಾರದೆ ಹೋಯಿತು: ಗಣಕದ ವ್ಯವಸ್ಥೆಯನ್ನು ಮಾರ್ಪಡಿಸಲು ‘ಸೆಟ್ಟಿಂಗ್ಸ್’ ಎಂಬ ಹೊಸ ಪುಟವೊಂದು, ‘ಕಂಟ್ರೋಲ್ ಪ್ಯಾನೆಲ್’ ಎಂಬ ಹಳೆಯದೊಂದು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿಯೂ ಇವೆರಡೂ ಅಕ್ಕಪಕ್ಕದಲ್ಲಿ ಬಾಳುತ್ತಿವೆ.

ಆಜ್ಞೆಯಿಂದ ಸಾಧ್ಯವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಆಗುತ್ತದೆ. 2013ರ ಸೆಪ್ಟೆಂಬರಿನಲ್ಲಿ ಐಫೋನಿಗೆ ಐಓಎಸ್ 7 ಬಂದಾಗ ಚರ್ಮದ ಹೊಲಿಗೆ, ಮರದ ಕಪಾಟು ಇಂಥ ಹಳೆಯ ಅಲಂಕಾರಗಳನ್ನೆಲ್ಲ ಕಿತ್ತು, ಚಪ್ಪಟೆಯಾದ ತೆಳ್ಳನೆಯ ವಿನ್ಯಾಸವನ್ನು ತಂದರು. 2014ರ ಫೆಬ್ರವರಿ 1ರಿಂದ ಅಂಗಡಿಗೆ ಒಪ್ಪಿಸುವ ಹೊಸ ಆ್ಯಪ್‌ಗಳೂ ತಿದ್ದುಪಡಿಗಳೂ ಐಓಎಸ್ 7ಕ್ಕೆ ಹೊಂದಿಕೊಂಡಿರತಕ್ಕದ್ದು ಎಂದು ಆಪಲ್ ಅಪ್ಪಣೆ ಮಾಡಿತು. ಅಂಗಡಿಯ ಬಾಗಿಲು ಒಂದೇ, ಕೀಲಿ ಆಪಲಿನ ಕೈಯಲ್ಲಿ, ಡೆವಲಪರುಗಳು ಒಪ್ಪಿದರು. ಆದರೆ ಅಪ್ಪಣೆಯಿಂದ ಉಡುಪು ಬದಲಾಗುತ್ತದೆಯೇ ಹೊರತು, ಉಡುಪು ಮೈಗೆ ಹೊಂದಿತೋ ಇಲ್ಲವೋ ಎಂಬುದು ತೀರ್ಮಾನವಾಗುವುದಿಲ್ಲ. ಗುಂಡಿಗಳಿಗೆ ಅಂಚನ್ನೇ ತೆಗೆದದ್ದರಿಂದ, ಒತ್ತಬೇಕಾದದ್ದು ಯಾವುದು, ಬರಿಯ ಓದಬೇಕಾದದ್ದು ಯಾವುದು ಎಂಬುದು ಎಷ್ಟೋ ಜನರಿಗೆ ತಿಳಿಯದಾಯಿತು. 2014ರ ಮಾರ್ಚಿನ ತಿದ್ದುಪಡಿಯಲ್ಲಿ, ಬೇಕಾದವರು ಗುಂಡಿಗಳಿಗೆ ಆಕಾರವನ್ನು ತೋರಿಸಿಕೊಳ್ಳುವ ಅನುಕೂಲವನ್ನು ಕೊಡಬೇಕಾಯಿತು.

2025ರ ಜೂನ್ 9ರಂದು ಆಪಲ್ ಮತ್ತೆ ಹೊಸ ಉಡುಪೊಂದನ್ನು ಪ್ರಕಟಿಸಿತು. ಲಿಕ್ವಿಡ್ ಗ್ಲಾಸ್ ಎಂದು ಅದರ ಹೆಸರು. ಕರಗಿದ ಗಾಜಿನಂತೆ ಹಿಂದಿನದನ್ನು ತೋರುವ ಗುಂಡಿಗಳು. ಈ ಸಲ ಉಪಾಯ ಬೇರೆ. ಡೆವಲಪರನು ತನ್ನ ಆ್ಯಪನ್ನು ಹೊಸ ಸಲಕರಣೆಯಿಂದ ಇನ್ನೊಮ್ಮೆ ಕಟ್ಟಿದರೆ, ಆಪಲ್ ಕೊಟ್ಟ ಭಾಗಗಳೆಲ್ಲ ತಾವಾಗಿಯೇ ಗಾಜಿನ ವೇಷವನ್ನು ತಳೆಯುತ್ತವೆ. ಸದ್ಯಕ್ಕೆ ಬೇಡವೆನ್ನುವವನು ತನ್ನ ಕಡತದಲ್ಲಿ ಒಂದು ಗುರುತನ್ನು ಹಾಕಿ ಹಳೆಯ ವೇಷದಲ್ಲಿಯೇ ಮುಂದುವರಿಯಲು ಅವಕಾಶವನ್ನೂ, ತಾತ್ಕಾಲಿಕವೆಂದು ಹೇಳಿಯೇ, ಇಟ್ಟರು. ಭಾಗಗಳನ್ನು ಹಾಗೆಯೇ ಬಳಸಿದ್ದವರಿಗೆ ದಾಟುವುದು ಸಲೀಸು. ಎಲ್ಲವನ್ನೂ ಸ್ವಂತವಾಗಿ ಚಿತ್ರಿಸಿಕೊಂಡಿದ್ದವರಿಗೆ ಕೆಲಸ ಮೊದಲಿನಿಂದ. ಗಾಜಿನ ಮೂಲಕ ಅಕ್ಷರ ಓದಲಾಗದು ಎಂಬ ದೂರು ಬಂದು, ಅದೇ ನವೆಂಬರಿನ ತಿದ್ದುಪಡಿಯಲ್ಲಿ ಗಾಜನ್ನು ಮಬ್ಬುಮಾಡಿಕೊಳ್ಳುವ ಆಯ್ಕೆಯನ್ನು ಕೊಟ್ಟರು. ಐಓಎಸ್ 7ರ ಕಥೆ ಹನ್ನೆರಡು ವರ್ಷಗಳ ಬಳಿಕ ಮರುಕಳಿಸಿತು.

ಈ ಅರ್ಧ ಒಪ್ಪಿಗೆಯ ಪೆಟ್ಟು ಬೀಳುವುದು ಬಳಸುವವರ ಮೇಲೆ. ನಾವು ಅಧ್ಯಾಪಕರು ಮಕ್ಕಳ ಅಂಕಗಳನ್ನು ತುಂಬುವ ಒಂದು ಜಾಲತಾಣವುಂಟು, ಹೆಸರು ಬೇಡ. ಅದರ ಕೆಲವು ಪುಟಗಳು ಹೊಸ ಪದ್ಧತಿಯವು, ಕೆಲವು ಹಳೆಯವು. ಹೊಸದರಲ್ಲಿ ‘ಉಳಿಸಿ’ ಎಂಬ ಗುಂಡಿ ಇರುವ ಜಾಗದಲ್ಲಿಯೇ ಹಳೆಯದರಲ್ಲಿ ‘ತೆರವುಗೊಳಿಸಿ’ ಎಂಬ ಗುಂಡಿ ಇದೆ. ನಿವೃತ್ತಿಗೆ ಹತ್ತಿರವಾದ ನಮ್ಮ ಗಣಿತದ ಮೇಷ್ಟರು ನಲವತ್ತು ಮಕ್ಕಳ ಅಂಕಗಳನ್ನು ತುಂಬಿ, ಕೈಯ ಅಭ್ಯಾಸದಂತೆ ಒತ್ತಿದರು; ಪುಟ ಖಾಲಿಯಾಯಿತು. ಅವರು ಮತ್ತೆ ಮೊದಲಿನಿಂದ ತುಂಬಿದರು. ‘ಮೇಷ್ಟರಿಗೆ ಕಂಪ್ಯೂಟರ್ ಬರುವುದಿಲ್ಲ’ ಎಂದು ಯಾರೋ ಹುಡುಗರು ನಕ್ಕರು. ಮೇಷ್ಟರಿಗೆ ಬರುತ್ತಿತ್ತು, ಬಾರದೆ ಹೋದದ್ದು ಪುಟಗಳಿಗೆ ಪರಸ್ಪರ ಹೊಂದಾಣಿಕೆ.

ಸರಕಾರದ ಕಾರ್ಯದಲ್ಲಿ ಇಂಥ ಹೊಂದಾಣಿಕೆ ಸಾಧ್ಯವೇ ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆಯೊಂದಿದೆ. ಅಲ್ಲಿನ ಸರಕಾರ 2018ರಲ್ಲಿ ತನ್ನ ಜಾಲತಾಣಗಳಿಗಾಗಿ ವಿನ್ಯಾಸ ಪದ್ಧತಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಪ್ರತಿಯೊಂದು ಭಾಗಕ್ಕೂ ಕಣ್ಣಿಗೆ ಕಾಣುವ ಮಾದರಿಯಿದೆ, ಹಾಗೆಯೇ ಎತ್ತಿಕೊಳ್ಳಬಹುದಾದ ಬರಹವಿದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂಬ ವಿವರಣೆಯಿದೆ. ಸೂತ್ರ, ವೃತ್ತಿ, ಪ್ರಯೋಗ ಮೂರೂ ಒಂದೇ ಪುಟದಲ್ಲಿ! ಹುಟ್ಟಿದ ದಿನಾಂಕವನ್ನು ಕೇಳಬೇಕಾದಾಗ ತಿಂಗಳ ಹಾಳೆಗಳನ್ನು ತಿರುಗಿಸುವ ದಿನದರ್ಶಿಯನ್ನು ಕೊಡದೆ ದಿನ, ತಿಂಗಳು, ವರ್ಷಗಳಿಗೆ ಮೂರು ಖಾಲಿ ಪೆಟ್ಟಿಗೆಗಳನ್ನು ಕೊಡಿ ಎಂಬುದು ಅದರ ಒಂದು ಮಾತು. ಐವತ್ತು ದಾಟಿದ ನನ್ನಂಥವನು ದಿನದರ್ಶಿಯಲ್ಲಿ ತಿಂಗಳು ತಿಂಗಳಾಗಿ ಹಿಂದಕ್ಕೆ ಹೋಗಬೇಕಾದರೆ ಆರುನೂರು ಸಲಕ್ಕೂ ಮಿಗಿಲಾಗಿ ಒತ್ತಬೇಕು. ನಮ್ಮ ದೇಶದಲ್ಲಿಯೂ ಸರಕಾರಿ ಜಾಲತಾಣಗಳಿಗೆ 2009ರಲ್ಲಿಯೇ ಮಾರ್ಗಸೂಚಿಗಳು ಬಂದುವು; 2023ರಲ್ಲಿ ಅವುಗಳ ಮೂರನೆಯ ಆವೃತ್ತಿ ಬಂದಿದೆ. ಮಾತುಗಳು ಒಳ್ಳೆಯವೇ.

ಕೊನೆಯದಾಗಿ, ಕನ್ನಡಿಗರಾದ ನಮಗೆ ಇದರಲ್ಲಿರುವ ವಿಶೇಷವಾದ ಸಂಬಂಧವನ್ನು ಹೇಳಬೇಕು. ಕೀಲಿಮಣೆಯ ವಿಷಯದಲ್ಲಿ ನಾವೇ ಈ ಕಥೆಯ ಪಾತ್ರಗಳಾಗಿದ್ದೇವೆ. ಭಾರತದ ಲಿಪಿಗಳಿಗೆಲ್ಲ ಒಂದೇ ಕ್ರಮವಿರಲೆಂದು ರಚಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ 1991ರ ರಾಷ್ಟ್ರೀಯ ಮಾನಕದಲ್ಲಿ ಸೇರಿತು. ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ. ವರ್ಣಮಾಲೆಯನ್ನು ಬಲ್ಲವನಿಗೆ ಅದು ಒಪ್ಪವಾದ ಏರ್ಪಾಡು. ಆದರೂ ಕನ್ನಡ ಬೆರಳಚ್ಚು ಮಾಡುವ ಬಹುಜನ ಹಿಡಿದದ್ದು ಕಿನ್ನಿಕಂಬಳ ಪದ್ಮನಾಭ ರಾಯರು ಧ್ವನಿಯ ಆಧಾರದ ಮೇಲೆ ರಚಿಸಿದ ವಿನ್ಯಾಸವನ್ನು. ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತಿದರೆ ‘ಕ’ ಬರುತ್ತದೆ. ಕೈ ಮೊದಲೇ ಕಲಿತಿದ್ದುದರ ಮೇಲೆ ಹೊಸದನ್ನು ಕಟ್ಟಿದ್ದು ಅದರ ಜಾಣ್ಮೆ. ನುಡಿ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ತಲುಪಿತು.

ತೆರೆಯ ಮೇಲಣ ಅಕ್ಷರದ ಪಾಡು ಮಾತ್ರ ಇಷ್ಟು ಸುಖವಾಗಿಲ್ಲ. ಇಂಗ್ಲಿಷಿನ ಅಕ್ಷರ ಗೆರೆಯ ಮೇಲೆ ಕುಳಿತು, ಅಲ್ಲೊಂದು ಇಲ್ಲೊಂದು ಮಾತ್ರ ಬಾಲವನ್ನು ಕೆಳಕ್ಕೆ ಬಿಡುತ್ತದೆ. ನಮ್ಮ ಅಕ್ಷರ ಮೇಲೆ ಗುಣಿಸನ್ನೂ ಕೆಳಗೆ ಒತ್ತನ್ನೂ ಹೊತ್ತು ನಿಲ್ಲುತ್ತದೆ. ‘ರಾಷ್ಟ್ರೀಯ’, ‘ಸ್ತ್ರೀ’, ‘ಶಾಸ್ತ್ರ’ ಎಂಬ ಪದಗಳನ್ನು ಬರೆದು ನೋಡಿ. ಇಂಗ್ಲಿಷಿಗೆಂದು ಎತ್ತರವನ್ನು ಅಳೆದು ಬಿಗಿಮಾಡಿದ ಗುಂಡಿಯಲ್ಲಿ ಇವನ್ನು ಹಾಕಿದರೆ ಒತ್ತಿನ ಕಾಲು ಕತ್ತರಿಸಿಹೋಗುತ್ತದೆ. ಮೆಟೀರಿಯಲ್ ಪದ್ಧತಿಯ ಗ್ರಂಥ ಇದನ್ನು ಅರಿಯದೆ ಇರಲಿಲ್ಲ. ದಕ್ಷಿಣ ಏಷ್ಯದ ಲಿಪಿಗಳನ್ನು ಎತ್ತರದ ಲಿಪಿಗಳೆಂದು ವಿಂಗಡಿಸಿ, ಸಾಲಿಗೆ ಹೆಚ್ಚಿನ ಎತ್ತರ ಕೊಡಬೇಕೆಂದು ಹೇಳಿತ್ತು. ಅಕ್ಷರಕ್ಕೆ ತಕ್ಕಂತೆ ಬೆಳೆಯುವ ಸಿದ್ಧಭಾಗವನ್ನು ಹಾಗೆಯೇ ಬಳಸಿದ ಡೆವಲಪರನ ಆ್ಯಪಿನಲ್ಲಿ ಕನ್ನಡ ನೆಟ್ಟಗೆ ನಿಲ್ಲುತ್ತದೆ. ಚಿತ್ರವನ್ನು ಮಾತ್ರ ನೋಡಿ ತಾನೇ ಗುಂಡಿಯನ್ನು ಗೀಚಿಕೊಂಡವನು ಗ್ರಂಥದ ಆ ಪುಟವನ್ನು ತೆರೆದಿರುವ ಸಂಭವ ಕಡಮೆ.

ಇನ್ನೊಂದು ಸೂಕ್ಷ್ಮವೂ ಇದೆ. ಮೊದಲ ಮೆಟೀರಿಯಲ್ ಪದ್ಧತಿಯಲ್ಲಿ ಗುಂಡಿಯ ಮೇಲಿನ ಮಾತುಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯುವ ನಿಯಮವಿತ್ತು. ಅಂಚಿಲ್ಲದ ಗುಂಡಿಯನ್ನು ಸುತ್ತಲಿನ ಮಾತಿನಿಂದ ಬೇರ್ಪಡಿಸುವುದರಲ್ಲಿ ಅದಕ್ಕೂ ಪಾಲಿತ್ತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲ! ಕನ್ನಡ ಆವೃತ್ತಿಯಲ್ಲಿ ಆ ಗುರುತು ಮಾಯವಾಗಿ, ಬರಿಯ ಬಣ್ಣವೊಂದೇ ಉಳಿಯಿತು; ಬಣ್ಣ ಸರಿಯಾಗಿ ಕಾಣದವರಿಗೆ ಅದೂ ಇಲ್ಲ. 2021ರ ಮೂರನೆಯ ಆವೃತ್ತಿಯಲ್ಲಿ ಆ ನಿಯಮವನ್ನು ಬಿಟ್ಟರು.

ತಮ್ಮ ಆ್ಯಪ್ ಬೇರೆ ಭಾಷೆಗಳನ್ನು ತಾಳೀತೇ ಎಂದು ಡೆವಲಪರುಗಳು ಪರೀಕ್ಷಿಸಿಕೊಳ್ಳಲು ಆಂಡ್ರಾಯ್ಡಿನಲ್ಲಿ ಒಂದು ಹುಸಿಭಾಷೆಯ ಏರ್ಪಾಡಿದೆ. ಅದು ಇಂಗ್ಲಿಷ್ ಮಾತುಗಳನ್ನೇ ಉದ್ದಮಾಡಿ, ಅಕ್ಷರಗಳಿಗೆ ಚಿಹ್ನೆಗಳನ್ನು ಸೇರಿಸಿ ತೋರಿಸುತ್ತದೆ. ಅಗಲ ಸಾಲದಿದ್ದರೆ ಅದರಿಂದ ಗೊತ್ತಾಗುತ್ತದೆ. ಕೆಳಕ್ಕೆ ಇಳಿಯುವ ಒತ್ತಕ್ಷರಗಳ ಬಾಧೆ ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ‘ಸ್ತ್ರೀ’ ಎಂದು ಕನ್ನಡದಲ್ಲಿಯೇ ಬರೆದು, ಗುಂಡಿಯೊಳಗಿಟ್ಟು, ಕಣ್ಣಿಂದ ನೋಡಬೇಕು.